ನನ್ನ ಹೆಸರಿನ ಲಾರಿ, ಅತ್ತೆಯ ಗೋಡೆ

ಆಗ ನನಗೆ ಇಪ್ಪತ್ತೆಂಟು ವರ್ಷ. ಈ ಮಾತಿಗೆ ನಲವತ್ತು ವರ್ಷದ ಮೇಲಾಯಿತು. ಮನೆಯ ಗಂಡಸರು ಹೆಂಗಸಿನ ಹೆಸರಿಗೆ ಆಸ್ತಿ ಮಾಡಿಸುತ್ತೇವೆ ಎಂದು ಬಂದರೆ ಸಂತೋಷಪಡುವ ಮೊದಲು ಆ ಆಸ್ತಿಗೆ ಏನು ರೋಗ ಎಂದು ಕೇಳಬೇಕು. ನಾನು ಕೇಳಲಿಲ್ಲ. ಹೊಸಪೇಟೆಯ ನಮ್ಮ ಮನೆ ಅತ್ತೆಯ ಹೆಸರಿನಲ್ಲಿತ್ತು, ಹೊಲ, ಎತ್ತು, ಬಂಡಿ ಗಂಡನವು. ನನ್ನ ಹೆಸರು ಇದ್ದದ್ದು ತವರಿನಿಂದ ತಂದ ಹಿತ್ತಾಳೆ ಕೊಡದ ಮೇಲೆ ಮಾತ್ರ. ನನಗೆ ಬೇಕಾಗಿದ್ದದ್ದೂ ದೊಡ್ಡದೇನಲ್ಲ, ಒಂದು ಒಲೆ. ಮದುವೆಯಾಗಿ ಬಂದಾಗಿನಿಂದ ರೊಟ್ಟಿ ಬಡಿದವಳು ನಾನು, ಆದರೆ ಸಾರಿಗೆ ಉಪ್ಪು ಹಾಕುವ ಕೈ ಅತ್ತೆಯದೇ. ನನ್ನದೇ ಒಲೆ ಹೂಡಿ, ನನ್ನ ಕೈಯಾರೆ ಉಪ್ಪು ಹಾಕಿ, ಗಂಡ ಮಕ್ಕಳು ಅದನ್ನು ಉಣ್ಣಬೇಕು ಎಂಬುದೊಂದೇ ನನ್ನ ಆಸೆ. ದೇವರು ಅದರ ಬದಲಿಗೆ ಲಾರಿ ಕೊಟ್ಟ.

ಎರಡನೇ ಮಹಾಯುದ್ಧ ಮುಗಿದಿತ್ತು. ಮಿಲಿಟರಿಯವರು ಬೇಡವಾದ ಗಾಡಿಗಳನ್ನೆಲ್ಲ ಹರಾಜು ಹಾಕುತ್ತಿದ್ದರು. ಕಂಪ್ಲಿಯ ಮಿಲ್ಲುಗಳಿಂದ ಹೊಸಪೇಟೆ ಸ್ಟೇಷನ್ನಿಗೆ ಬಂಡಿಯಲ್ಲಿ ಅಕ್ಕಿ ಚೀಲ ಸಾಗಿಸುತ್ತಿದ್ದ ನನ್ನ ಗಂಡನಿಗೆ ಒಂದು ಲಾರಿಯ ಮೇಲೆ ಕಣ್ಣು ಬಿತ್ತು. "ಯುದ್ಧ ಗೆದ್ದು ಬಂದ ಗಾಡಿ ಐತಿ ಇದು" ಎಂದು ಅಂಗಳಕ್ಕೆ ತಂದು ನಿಲ್ಲಿಸಿದ. ನೋಡಿದರೆ ಸೋತವರ ಕಡೆಯದಿರಬೇಕು ಅನಿಸಿತು. ಅತ್ತೆ ಜ್ಯೋತಿಷ್ಯ ಹೇಳುವ ಅಯ್ಯನವರನ್ನು ಕರೆಸಿ ಕೇಳಿದಳು. ಅವರು ಬೆರಳು ಎಣಿಸಿ, "ನಿನ್ನ ಮಗಗ ಸಾಡೇಸಾತಿ ನಡದೈತವ್ವ. ಕಬ್ಬಿಣ ಅಂದ್ರ ಶನಿ ಮಹಾತ್ಮನ ವಸ್ತು. ಅವನ ಹೆಸರ್ಲೆ ಬ್ಯಾಡ" ಎಂದರು. ಅತ್ತೆ ಒಂದು ಗಳಿಗೆಯೂ ಯೋಚಿಸಲಿಲ್ಲ. "ಹಂಗಾರ ಸೊಸಿ ಹೆಸರ್ಲೆ ಮಾಡಸ್ರಿ. ಆಕಿಗೇನಾಗ್ತೈತಿ?" ಎಂದಳು. ಸೊಸೆಯ ಹೆಗಲ ಮೇಲೆ ಶನಿ ಕೂತರೆ ಅದು ಶನಿಯ ಕಷ್ಟ ಎಂಬ ಲೆಕ್ಕ.

ಎತ್ತು ಕೊಂಡರೆ ಹಲ್ಲು ನೋಡಿ, ಹಣೆಗೆ ಕುಂಕುಮ ಹಚ್ಚಿ ಹೂಡಿದರಾಯಿತು. ಲಾರಿಗೆ ಅಷ್ಟು ಸಾಲದು. ಅದಕ್ಕೊಂದು ನಂಬರು ಬೇಕು, ಅದು ಎಷ್ಟು ತೂಕ, ಎಷ್ಟು ಹೊರಬೇಕು ಎಂದು ಅದರ ಪಕ್ಕೆಯ ಮೇಲೆಯೇ ಬರೆಸಬೇಕು. ಓಡಿಸುವವನಿಗೆ ಲೈಸೆನ್ಸು, ಓಡುವ ದಾರಿಗೆ ಪರ್ಮಿಟ್ಟು. ಸಂಡೂರಿನಲ್ಲಿ ಬೇರೆ ರಾಜರ ಆಳ್ವಿಕೆ, ಅಲ್ಲಿಗೆ ಹೋಗುವುದಾದರೆ ಅವರದೇ ಬೇರೆ ಅಪ್ಪಣೆ. ನಮ್ಮ ಎತ್ತುಗಳು ಅಷ್ಟು ವರ್ಷ ಯಾವ ರಾಜನನ್ನೂ ಕೇಳದೆ ಸಂಡೂರಿಗೆ ಹೋಗಿ ಸಗಣಿ ಹಾಕಿ ಬಂದಿದ್ದವು.

ಬಳ್ಳಾರಿಯಲ್ಲಿ ಇನ್ಸ್‌ಪೆಕ್ಟರು, "ಇದರ ಮಾಲೀಕರು ಯಾರ್ರೀ?" ಎಂದರು. ಗಂಡ ನನ್ನನ್ನು ಮುಂದೆ ದೂಡಿದ. ಅವರು ಒಮ್ಮೆ ಲಾರಿಯನ್ನು, ಒಮ್ಮೆ ನನ್ನನ್ನು ನೋಡಿದರು. ಇಬ್ಬರಲ್ಲಿ ಯಾರು ಹೆಚ್ಚು ಸವೆದಿದ್ದಾರೆ ಎಂದು ಅಳೆಯುವಂತಿತ್ತು. "ಬ್ರೇಕು ಹಿಡೀತೈತೇನವ್ವ?" ಎಂದರು. "ಹಿಡಿಯಂಗಿದ್ರ ನಾ ಯಾಕ್ರಿ ಇಷ್ಟು ದೂರ ನಿಲ್ತಿದ್ದೆ?" ಎಂದೆ. ಅವತ್ತು ಲಾರಿ ಪಾಸಾಗಲಿಲ್ಲ. ಊರು ಮುಟ್ಟುವವರೆಗೆ ಗಂಡ ನನ್ನೊಡನೆ ಮಾತಾಡಲಿಲ್ಲ. ಅದೊಂದು ಲಾಭ. ಬ್ರೇಕು ಸರಿಮಾಡಿಸಿಕೊಂಡು ಮತ್ತೆ ಹೋದಾಗ ನಂಬರು ಸಿಕ್ಕಿತು, ನಾನು ಹೆಸರು ಗೀಚಿ ಬಂದೆ. ನನಗೆ ಬರೆಯಲು ಬರುತ್ತಿದ್ದದ್ದು ಅಷ್ಟೇ.

ಆಮೇಲೆ ಇನ್ಶೂರೆನ್ಸಿನ ಏಜೆಂಟರು ಬಂದರು. ಕೊಡೆ ಮಡಚಿಟ್ಟು, ಇದು ಈಗ ಕಾಯಿದೆ, ಬಿಡುವಂತಿಲ್ಲ ಎಂದರು. ಲಾರಿ ಹಾಯ್ದು ದಾರಿಹೋಕನಿಗೆ ಏನಾದರೂ ಆದರೆ ಕಂಪನಿ ಕೊಡುತ್ತದಂತೆ. ಸ್ವಲ್ಪ ಹೆಚ್ಚು ಕಟ್ಟಿದರೆ ಹೊರಗಿನವರ ಗೋಡೆ, ದನಕ್ಕೂ ಕೊಡುತ್ತದಂತೆ. ಗಂಡ ಅದನ್ನೂ ಸೇರಿಸಿ ಕಟ್ಟಿದ. "ನನ್ನ ಮ್ಯಾಲೆ ಹಾಯ್ದ್ರ?" ಎಂದು ಕೇಳಿದೆ. "ನೀವು ಮಾಲೀಕರಲ್ರೀ, ನಿಮಗ ಬರಂಗಿಲ್ಲ" ಎಂದರು. ಗುರುತಿಲ್ಲದವರ ಕೈಕಾಲಿಗೆಲ್ಲ ಬೆಲೆಯುಂಟು, ಕಟ್ಟುವವಳ ಕಾಲು ಪುಕ್ಕಟೆ. ಇಂಥ ದಾನಧರ್ಮ ನಾನು ಯಾವ ಪುರಾಣದಲ್ಲೂ ಕೇಳಿರಲಿಲ್ಲ.

ಅಲ್ಲಿಯವರೆಗೆ ಲಾರಿ ಓಡಿಸಿದವನು ಕೂಲಿಯ ಡ್ರೈವರು. ಗಂಡ ಲಾರಿ ಕಲಿತದ್ದು ಆಮೇಲೆ, ಹಂಪಿಯ ದಾರಿಯಲ್ಲಿ. ಅಲ್ಲಿ ಎಲ್ಲವೂ ಮೊದಲೇ ಒಡೆದಿರುವುದರಿಂದ ಯಾರೂ ಬಂದು ಜಗಳ ತೆಗೆಯುವುದಿಲ್ಲ. ಮುಂದಕ್ಕೆ ಓಡಿಸಿ ಲೈಸೆನ್ಸನ್ನೂ ಪಡೆದ. ಹಿಂದಕ್ಕೆ ತರುವುದು ಮಾತ್ರ ಕೈಗೆ ಹತ್ತಿರಲಿಲ್ಲ. ಒಂದು ದಿನ ಅಂಗಳದಲ್ಲಿ ಹಿಂದಕ್ಕೆ ತರುವಾಗ ಲಾರಿ ಅಡುಗೆಮನೆಯ ಕಡೆ ಸರಿಯಿತು. ಹುಟ್ಟಿದಾಗಿನಿಂದ ಬಂಡಿ ಹೊಡೆದವನು, ಕಾಲಿನಿಂದ ಬ್ರೇಕು ಒತ್ತುವುದು ಬಿಟ್ಟು, ಸ್ಟೇರಿಂಗನ್ನು ಹಗ್ಗದಂತೆ ಎದೆಗೆ ಜಗ್ಗಿ ಹಿಡಿದು "ಹೋ! ಹೋಹೋ!" ಎಂದು ಕೂಗಿದ. ಎತ್ತಾಗಿದ್ದರೆ ನಿಲ್ಲುತ್ತಿತ್ತು. ಗೋಡೆ ಬಿತ್ತು. ಒಳಗೆ ಯಾರೂ ಇರಲಿಲ್ಲ, ಹೆಂಚಿನ ಮೇಲಿನ ರೊಟ್ಟಿಯೊಂದು ಸತ್ತಿತು.

ಏಜೆಂಟರು ಬಂದು ನೋಡಿ, "ಗೋಡಿ ಯಾರದು?" ಎಂದರು. ಅತ್ತೆಯದು ಎಂದೆವು. "ಅತ್ತಿ ಸೊಸಿ ಒಂದ ಒಲಿ ಮ್ಯಾಲೆ ಅಡಿಗಿ ಮಾಡ್ಕೊಂಡು ಉಣ್ತಿದ್ರ ಕಂಪನಿಯವರು ಹೊರಗಿನವ್ರು ಅಂತ ಒಪ್ಪಂಗಿಲ್ಲ. ಬ್ಯಾರೆ ಆದವ್ರಂದ್ರ ನಡೀತೈತಿ. ಸಾಹೇಬ್ರು ನೋಡಾಕ ಬರ್ತಾರ" ಎಂದು ಹೇಳಿ ಹೋದರು. ಅತ್ತೆ ಎದೆ ಬಡಿದುಕೊಂಡಳು. "ನಾ ಇರೋತನ ಈ ಮನ್ಯಾಗ ಎರಡು ಒಲಿ ಹತ್ತಂಗಿಲ್ಲ" ಎಂದಳು. ಅಷ್ಟರಲ್ಲಿ ಬಿದ್ದ ಗೋಡೆಯಿಂದ ನಾಯಿಯೊಂದು ನುಗ್ಗಿ ರೊಟ್ಟಿ ಬುಟ್ಟಿಗೆ ಬಾಯಿ ಹಾಕಿತು. ಅತ್ತೆ ಅದನ್ನು ಓಡಿಸಿ ಬಂದು ಕೂತು, ದನಿ ತಗ್ಗಿಸಿ, "ಸುಳ್ಳ ಸುಳ್ಳ ಬ್ಯಾರೆ ಆಗೋಣೇನ? ಆ ಸಾಹೇಬ ಹೋಗೋತನ" ಎಂದಳು. ನಾನು ಸಾವಿನ ಮನೆಗೆ ಹೋದವಳಂತೆ ಮುಖ ಮಾಡಿಕೊಂಡು ಒಪ್ಪಿದೆ. ಒಳಗೆ ಕುಣಿಯುತ್ತಿದ್ದೆ. ಅಂಗಳದ ಚಪ್ಪರದ ಕೆಳಗೆ ಮೂರು ಕಲ್ಲು ಹೂಡಿದೆ. ಸಾರಿಗೆ ನಾನೇ ಉಪ್ಪು ಹಾಕಿದೆ. ಸ್ವಲ್ಪ ಹೆಚ್ಚೇ ಬಿತ್ತು.

ಸಾಹೇಬರು ಬಂದು ಅತ್ತೆಯನ್ನು ಕೇಳಿದರು. ಆ ಹೆಂಗಸು ಬಾಯಿ ತೆರೆಯಿತು ನೋಡಿ. "ಹೌದ್ರಿ ಸಾಹೇಬ್ರ, ಈಕಿ ಬ್ಯಾರೆ. ಗೋಡಿ ನಂದು, ಒಲಿ ನಂದು, ಅಡಿಗಿಮನಿ ನಂದು. ಈಕಿಗೆ ಉಪ್ಪಿನ ಅಳತಿ ಸೈತ ಗೊತ್ತಿಲ್ರಿ. ನಾನೇ ಹೊರಗ ಹಾಕೀನಿ!" ಸಾಹೇಬರು ಗಂಡನ ಕಡೆ ತಿರುಗಿ, "ನೀವು ಎಲ್ಲಿ ಊಟ ಮಾಡೋದು?" ಎಂದರು. ಅವನು ಎರಡೂ ಒಲೆಗಳನ್ನು ನೋಡಿ, "ಅವ್ವನ ಕಡೇನ್ರಿ" ಎಂದ. ಕಂಪನಿಗಾಗಿ ಚೆನ್ನಾಗಿ ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡೆ.

ಕಂಪನಿ ಕೊಟ್ಟಿತು. ಕಲ್ಲಿನ ಗೋಡೆ ಎದ್ದಿತು, ಮೊದಲಿರದ ಕಿಟಕಿಯೂ ಬಂತು. ಗೋಡೆ ಮುಗಿದ ಸಂಜೆ ನಾನು ಚಪ್ಪರದ ಕೆಳಗೆ ಎಲ್ಲರಿಗೂ ತಾಟು ಹಾಕಿ ಕೂತೆ. ಯಾರೂ ಬರಲಿಲ್ಲ. ಗಂಡ ಮಕ್ಕಳು ಒಳಗೆ ಅತ್ತೆಯ ಮುಂದೆ ಸಾಲಾಗಿ ಉಣ್ಣುತ್ತಿದ್ದರು. "ಸಾಹೇಬ್ರು ಮತ್ತ ಬಂದು ನೋಡಿದ್ರ?" ಎಂದ ಗಂಡ, ಬಾಯಿ ತುಂಬ ತುತ್ತಿಟ್ಟುಕೊಂಡು. ಅತ್ತೆ ಹೊಸ ಕಿಟಕಿಯಿಂದ ಇಣುಕಿ, "ಸಾಹೇಬ್ರ ಮುಂದ ಆಡಿದ ಮಾತು ಸುಳ್ಳ ಆಗಬಾರದವ್ವ" ಎಂದಳು. ಆ ರಾತ್ರಿ ನಾನು ಮಾಡಿದ್ದನ್ನು ನಾನೇ ಉಂಡೆ. ಉಪ್ಪು ಸರಿಯಾಗಿತ್ತು, ಹೇಳುವವರು ಇರಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ನನ್ನ ಒಲೆ ಪೂರ್ತಿ ಆರಿತ್ತು, ಕಡ್ಡಿಪೆಟ್ಟಿಗೆ ಇರಲಿಲ್ಲ. ಬಳ್ಳಾರಿಯಲ್ಲಿ ಹೆಸರು ಬರೆಸಿದ ಲಾರಿಯ ಯಜಮಾನಿ ನಾನು, ಸಗಣಿ ಕುಳ್ಳಿನ ಚೂರು ಕೈಯಲ್ಲಿ ಹಿಡಿದು, ಲಾರಿಯನ್ನು ಸುತ್ತಿ ಹೋಗಿ, ಅತ್ತೆಯ ಬಾಗಿಲಲ್ಲಿ ನಿಂತು, "ಅತ್ತಿ, ಒಂಚೂರು ಕೆಂಡ ಕೊಡ್ರಿ" ಎಂದೆ.