ಗೌನಿಗೆ ಫಾಲ್ ಹಾಕಿದ ಪ್ರಸಂಗ

ಹೊಲಿಗೆಯ ವಿಷಯದಲ್ಲಿ ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್ನಿನ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದು ಜಂಬವಲ್ಲ. ಹೊಲಿಗೆ ಮಿಷನ್ನು ಇರುವುದೇ ನಮ್ಮ ಮನೆಯಲ್ಲಿ ಮಾತ್ರ! ಹಾಗಾಗಿ ಮಗಳು ಅನನ್ಯಾ ಫೋನು ಮಾಡಿ, ತಾನು ಮದುವೆಯಾಗಲಿರುವ ಹುಡುಗನ ಅಜ್ಜಿಗೆ ತೊಂಬತ್ತು ತುಂಬುತ್ತಿದೆ, ಲಾಸ್ ಆಲ್ಟೋಸಿನ ಅವರ ಮನೆಯಲ್ಲಿ ಪಾರ್ಟಿ, ಎಲ್ಲರೂ ಅಜ್ಜಿ ಹುಟ್ಟಿದ ಕಾಲದ ಉಡುಪಿನಲ್ಲಿ ಬರಬೇಕಂತೆ ಎಂದಾಗ ನಾನು ಕಿಂಚಿತ್ತೂ ಅಳುಕಲಿಲ್ಲ.

ಅಳುಕಬೇಕಿತ್ತು. ಬೀಗರನ್ನು ನಾವು ನೋಡುವುದು ಅದೇ ಮೊದಲು. ಬೀಗಿತ್ತಿ ಲಿಂಡಾ ಫೋಟೋದಲ್ಲೇ ಆಗತಾನೆ ಇಸ್ತ್ರಿ ಮಾಡಿಟ್ಟಂತೆ ಕಾಣುತ್ತಿದ್ದರು. ಅವರ ಮುಂದೆ ನಮ್ಮ ಮನೆತನದ ಮಾನವೆಲ್ಲ ನನ್ನ ಉಡುಪನ್ನೇ ನೆಚ್ಚಿಕೊಂಡಿತ್ತು.

"ಅಮ್ಮಾ, ಪ್ಲೀಸ್, ಜಸ್ಟ್ ರೆಂಟ್ ಮಾಡು" ಎಂದಳು ಮಗಳು.

"ಬೀಗರ ಮನೆಗೆ ಬಾಡಿಗೆ ಬಟ್ಟೇಲಿ ಹೋಗ್ಲಾ? ನಾವೇನು ನಾಟಕದ ಕಂಪನಿಯವರಾ?"

ಎರಡು ಮಹಾಯುದ್ಧಗಳ ನಡುವಣ ಮಹಿಳಾ ವಸ್ತ್ರವಿನ್ಯಾಸದ ಕುರಿತು ಗಾಢ ಅಧ್ಯಯನ ಕೈಗೊಂಡೆ. ಅಂದರೆ, ಸೋಫಾದ ಮೇಲೆ ಮಲಗಿ ಒಂದು ವಿಡಿಯೋ ನೋಡಿದೆ. ಇಪ್ಪತ್ತರ ದಶಕದಲ್ಲಿ ಮೊಣಕಾಲಿಗೇರಿದ್ದ ಗೌನು ಮೂವತ್ತರಲ್ಲಿ ಮತ್ತೆ ಪಾದಕ್ಕಿಳಿಯಿತಂತೆ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಅದು ಮೈಮೇಲೆ ನೀರಿನ ಹಾಗೆ ಇಳಿಯುತ್ತದಂತೆ. ಈಗಲೂ ಸಿನಿಮಾ ತಾರೆಯರು ಪ್ರಶಸ್ತಿ ಸಮಾರಂಭಕ್ಕೆ ತೊಟ್ಟು ಬರುವುದು ಅದರ ಮೊಮ್ಮಗಳನ್ನೇ. ಓರೆ ಕತ್ತರಿಸಿದ ಬಟ್ಟೆಯನ್ನು ಮೊದಲು ನೇತುಹಾಕಿ, ಅದು ಜಗ್ಗುವಷ್ಟು ಜಗ್ಗಿದ ಮೇಲೆ ಅಂಚು ಹೊಲಿಯಬೇಕು ಎಂದೂ ಆ ವಿಡಿಯೋದಲ್ಲಿ ಇತ್ತಂತೆ. ನಾನು ಅಲ್ಲಿಯವರೆಗೆ ನೋಡಲಿಲ್ಲ. ಕತ್ತರಿ ಹುಡುಕುತ್ತಿದ್ದೆ!

ನನ್ನ ತಿಳಿಗುಲಾಬಿ ಶಿಫಾನ್ ಸೀರೆ ಗೌನಾಯಿತು. ಚೆನ್ನಾಗಿಯೇ ಆಯಿತು. ಆದರೆ ಫ್ಯಾನು ಹಾಕಿದರೆ ಅಂಚು ಹಾರುತ್ತಿತ್ತು. ಅಂಚು ಹಾರಿದರೆ ಸೀರೆ ಉಡುವವಳಿಗೆ ಹೊಳೆಯುವ ಉಪಾಯ ಒಂದೇ. ಸೀರೆಯ ಕೆಳಅಂಚಿಗೆ ಭಾರ ಬರಲೆಂದು ಒಳಗಿನಿಂದ ಹೊಲಿಯುವ ಹತ್ತಿಯ ಪಟ್ಟಿ ಇದೆಯಲ್ಲ, ಆ ಫಾಲನ್ನು ಗೌನಿನ ಸುತ್ತಲೂ ಹೊಲಿದೆ. ಭದ್ರವಾಗಿರಲಿ ಎಂದು ಎರಡು ಪದರ!

"ಗೌನಿಗೆ ಯಾರಾದ್ರೂ ಫಾಲ್ ಹಾಕ್ತಾರೇನೇ?" ಎಂದರು ನಮ್ಮವರು.

"ಪ್ಯಾರಿಸ್ಸಿನವರಿಗೆ ಹೊಳೀಲಿಲ್ಲ. ಅದಕ್ಕೆ ನಾನೇನ್ ಮಾಡ್ಲಿ?"

ಬೀಗರ ಬಾಗಿಲಲ್ಲಿ ಕಾರಿನಿಂದ ಇಳಿದಾಗ ಗೌನು ನನ್ನ ಪಾದ ಮುಟ್ಟುತ್ತಿತ್ತು. ಅಜ್ಜಿಗೆ ಶುಭಾಶಯ ಹೇಳುವಾಗ ನೆಲ ಮುಟ್ಟಿತು. ಕೇಕು ಕತ್ತರಿಸುವ ಹೊತ್ತಿಗೆ ಅದು ನನ್ನ ಹಿಂದೆ ಹಿಂದೆ ಬರುತ್ತಿತ್ತು. ಫಾಲಿನ ಭಾರಕ್ಕೆ ಶಿಫಾನು ಜಗ್ಗುತ್ತಲೇ ಇತ್ತು.

"ಲೇ, ಇದು ಬೆಳೀತಾ ಇದ್ಯಲ್ಲೇ!" ನಮ್ಮವರು ಪಿಸುಗುಟ್ಟಿದರು.

"ಸುಮ್ನಿರ್ರೀ, ಅದು ಗ್ಲಾಮರ್ರು!"

ಅಷ್ಟರಲ್ಲಿ ಲಿಂಡಾ ತೋಳು ಚಾಚಿ ನನ್ನನ್ನು ಅಪ್ಪಿಕೊಳ್ಳಲು ಬಂದರು. ಅವರ ಹಿಮ್ಮಡಿ ನನ್ನ ಅಂಚಿನ ಮೇಲೆ ಬಿತ್ತು. ನಾನು ಮುಂದೆ ಹೋದೆ, ಗೌನು ಬರಲಿಲ್ಲ. ಬೀಗರ ಐತಿಹಾಸಿಕ ಪ್ರಥಮ ಆಲಿಂಗನ ಕಾರ್ಪೆಟ್ಟಿನ ಮೇಲೆ, ಮಲಗಿದ ಭಂಗಿಯಲ್ಲಿ ನೆರವೇರಿತು!

"ಓ ಮೈ ಗಾಡ್, ಅಮ್ಮಾ!" ಮಗಳು ಮುಖ ಮುಚ್ಚಿಕೊಂಡಳು.

ಲಿಂಡಾ ನನ್ನನ್ನು ಬಾತ್‌ರೂಮಿಗೆ ಕರೆದೊಯ್ದು, ಮಂಡಿಯೂರಿ, ಉಗುರು ಕತ್ತರಿಸುವ ಪುಟ್ಟ ಕತ್ತರಿಯಿಂದ ಜಗ್ಗಿದ ಅಂಚನ್ನು ಫಾಲಿನ ಸಮೇತ ಕತ್ತರಿಸತೊಡಗಿದರು. ಎಡಗಡೆ ಕತ್ತರಿಸಿದ್ದು ಹೆಚ್ಚಾಯಿತು. ಸಮ ಮಾಡಲು ಬಲಗಡೆ ಕತ್ತರಿಸಿದೆವು. ಅದು ಇನ್ನೂ ಹೆಚ್ಚಾಯಿತು. ಬೀಗಿತ್ತಿಯನ್ನು ಕಾಲ ಬಳಿ ಕೂರಿಸಿಕೊಂಡೆನಲ್ಲ ಎಂದು ನನಗೆ ಅಳು ಬಂತು. ಲಿಂಡಾ ನನ್ನ ಮುಖ ನೋಡಿದರು. ತಲೆಯ ಮೇಲಿನ ಅಲೆಯಲೆಯಾದ ಹೊಂಬಣ್ಣದ ಕೂದಲನ್ನು ಟೋಪಿಯಂತೆ ಕಿತ್ತು ಸಿಂಕಿನಲ್ಲಿಟ್ಟು, ತಲೆ ಕೆರೆದುಕೊಳ್ಳುತ್ತಾ, ನಿಮಗೆ ಹೆದರಿ ನಾನು ವಾರದಿಂದ ನಿದ್ದೆ ಮಾಡಿಲ್ಲ ಎಂದರು. ಇಬ್ಬರೂ ಬಾತ್‌ಟಬ್ಬಿನ ಅಂಚಿನ ಮೇಲೆ ಕೂತು ನಕ್ಕೆವು. ಆ ಹೆಂಗಸು ನನಗೆ ಆಗಲೇ ಇಷ್ಟವಾಗಿಬಿಟ್ಟರು.

ಹೊರಬಂದಾಗ ಗೌನು ಮೊಣಕಾಲಿನ ಮೇಲಿತ್ತು. ಅದರ ಕೆಳಗೆ, ಪಾದದವರೆಗೆ, ಲೇಸಿನ ಅಂಚಿನ ನನ್ನ ಬಿಳಿ ಲಂಗ. ಒಳಗೆ ಲಂಗವಿಲ್ಲದೆ ಬೀಗರ ಮನೆಗೆ ಹೋಗುವ ವಂಶ ನಮ್ಮದಲ್ಲ!

"ಮೂವತ್ತರ ದಶಕದಲ್ಲಿ ಒಳಗೆ ಹೋದೆ, ಇಪ್ಪತ್ತರಲ್ಲಿ ಹೊರಗೆ ಬಂದ್ಯಲ್ಲೇ!" ಎಂದರು ನಮ್ಮವರು.

ಆದರೆ ಅಜ್ಜಿ ನನ್ನನ್ನು ಕೈ ಬೀಸಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ನನ್ನ ಲಂಗದ ಲೇಸನ್ನು ಸವರಿ, ಇಷ್ಟು ಅಂದದ ಗೌನು ನಮ್ಮಮ್ಮನಿಗೂ ಇರಲಿಲ್ಲ ಎಂದರು. ನಾನು ಗೆದ್ದವಳಂತೆ ನಮ್ಮವರತ್ತ ನೋಡಿದೆ. ಆಮೇಲೆ ಅಜ್ಜಿ ಮೇಲಿದ್ದ ಗುಲಾಬಿ ಶಿಫಾನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಪ್ರೀತಿಯಿಂದ, ಇಡೀ ಹಾಲಿಗೆ ಕೇಳುವಂತೆ ಹೇಳಿದರು: ಅಡುಗೆ ಕೆಲಸ ಮುಗೀತಲ್ಲಮ್ಮ, ಇನ್ನು ಆ ಏಪ್ರನ್ನು ಬಿಚ್ಚಿಡು.

ನಾನು ಬಿಚ್ಚಲಿಲ್ಲ. ಎದ್ದು ಹೋಗಿ ಬೀಗಿತ್ತಿಯ ಜೊತೆ ಪಾತ್ರೆ ತೊಳೆದೆ.