ನೆರಳಲ್ಲಿ ಬೆಳೆದ ಲೆಟ್ಯೂಸ್

"ಇನ್ನು ಮೇಲೆ ಈ ಮನೆಗೆ ಅಂಗಡಿಯ ವಿಷದ ಸೊಪ್ಪು ಬರಕೂಡದು!" ಎಂದು ಲಿಂಗರಾಜು ಘೋಷಿಸಿದ ವಾರದೊಳಗೇ ವಿಜಯನಗರದ ಅವರ ತಾರಸಿಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆಯೊಂದು ಎದ್ದು ನಿಂತಿತು. ಅವರು ವಿದ್ಯುತ್ ಕಚೇರಿಯಿಂದ ನಿವೃತ್ತರಾಗಿ ಮೂರು ತಿಂಗಳಾಗಿತ್ತು. ಆಜ್ಞೆ ಹೊರಡಿಸಲು ಗಿಡಗಳಾದರೂ ಬೇಕಿತ್ತು.

ಅಲ್ಲಿ ಬಿತ್ತಿದ ಲೆಟ್ಯೂಸ್ ಸೊಪ್ಪು ಮೊಳೆಯಿತು. ಬಿಸಿಲಿಗೆ ಬಾಡೀತೆಂದು ಮೇಲೆ ಎರಡು ಪದರ ನೆರಳುಬಲೆ ಕಟ್ಟಿದರು. ಸೊರಗೀತೆಂದು ವಾರಕ್ಕೊಂದು ಚಮಚ ಹಾಕಬೇಕಾದ ಸಾರಜನಕದ ಗೊಬ್ಬರವನ್ನು ದಿನಕ್ಕೊಂದು ಚಮಚದಂತೆ ಉಣಿಸಿದರು.

"ರೀ, ಅದು ಸೊಪ್ಪೋ, ಬಾಣಂತಿಯೋ?" ಎಂದರು ಹೆಂಡತಿ ಸುಮಾ.

"ಬಣ್ಣ ನೋಡೇ! ಪಚ್ಚೆ ಕಣೇ, ಪಚ್ಚೆ!"

ಮೊದಲ ಕಟಾವಷ್ಟೂ ಪಕ್ಕದ ಮನೆಯ ಚಂದ್ರಮತಿಯವರಿಗೆ ಹೋಯಿತು. "ಬೇಯಿಸಿ, ನುಣ್ಣಗೆ ಅರೆದು ಮೊಮ್ಮಗೂಗೂ ತಿನ್ಸಿ. ಒಂದು ತೊಟ್ಟು ಔಷಧಿ ಹೊಡೆದಿಲ್ಲ!" ಎಂದು ಲಿಂಗರಾಜು ತಾವೇ ಹೇಳಿ ಬಂದರು.

ನಾಲ್ಕನೆಯ ದಿನ, ಆಹಾರ ವಿಜ್ಞಾನ ಓದುತ್ತಿದ್ದ ಮಗಳು ಐಶ್ವರ್ಯ ಕಾಲೇಜಿನಿಂದ ನೈಟ್ರೇಟ್ ಪರೀಕ್ಷೆಯ ಪಟ್ಟಿ ತಂದು, ನೀರು ಬೆರೆಸಿದ ಎಲೆಯ ರಸದಲ್ಲಿ ಅದ್ದಿದಳು. ತೆಳು ಗುಲಾಬಿಯಲ್ಲಿ ನಿಲ್ಲಬೇಕಿದ್ದ ಪಟ್ಟಿ ಕಣ್ಣೆದುರೇ ಕಡುನೇರಳೆಯಾಯಿತು.

"ಅಪ್ಪಾ, ಗೊಬ್ಬರದಿಂದ ಬರೋ ನೈಟ್ರೇಟನ್ನ ಗಿಡ ಅರಗಿಸ್ಕೊಳ್ಳೋಕೆ ಬೆಳಕು ಬೇಕು. ನೀವು ಬೆಳಕು ಮುಚ್ಚಿ ಗೊಬ್ಬರ ಸುರ್ದಿದ್ದೀರಿ. ಎಲ್ಲಾ ಎಲೇಲೇ ಉಳ್ಕೊಂಡಿದೆ. ದೊಡ್ಡೋರು ಒಂದಿಷ್ಟು ತಿಂದ್ರೆ ಏನಾಗಲ್ಲ. ಹಸುಗೂಸಿಗೆ ಮಾತ್ರ ಕೊಡಬಾರ್ದು, ರಕ್ತದಲ್ಲಿ ಆಮ್ಲಜನಕ ಸಾಲದೆ ಮೈ ನೀಲಿಗಟ್ಬಹುದು."

ಲಿಂಗರಾಜು ಧಡಕ್ಕನೆ ಎದ್ದರು. ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದರು. ಪಕ್ಕದ ಮನೆ ಇಪ್ಪತ್ತು ಹೆಜ್ಜೆ. ಅಂದು ಮುಗಿಯಲೇ ಇಲ್ಲ. ಅಂಗಡಿಯವನನ್ನು ಬೈದ ಒಂದೊಂದು ಮಾತೂ ನೆನಪಾಯಿತು. ಅವನು ಗುರುತಿಲ್ಲದವರಿಗೆ ಮಾರುತ್ತಿದ್ದ. ತಾವೋ ಗುರುತಿನವರ ಕೂಸಿಗೆ, ಅದೂ ಉಪದೇಶದ ಸಮೇತ ಕೊಟ್ಟಿದ್ದರು!

ಚಂದ್ರಮತಿ ಬಾಗಿಲು ತೆರೆದರು.

"ಅಮ್ಮಾ, ನನ್ನಿಂದ ತಪ್ಪಾಗೋಯ್ತು. ಗೊಬ್ಬರ ಜಾಸ್ತಿ ಹಾಕ್ಬುಟ್ಟಿದ್ದೀನಿ. ಆ ಸೊಪ್ಪು ಮಗೂಗೆ ತಿನ್ಸಿದ್ರಾ?"

ಆಕೆ ಸೆರಗಿನ ತುದಿ ತಿರುವುತ್ತ ನಿಂತರು. ಒಳಗಿನಿಂದ ಕೂಸು ಕೇಕೆ ಹಾಕಿದ್ದು ಕೇಳಿಸಿತು. ಲಿಂಗರಾಜು ಗೋಡೆ ಹಿಡಿದು ಉಸಿರು ಬಿಟ್ಟರು.

"ಬೇಜಾರು ಮಾಡ್ಕೋಬೇಡಿ ಕಣ್ರೀ," ಎಂದರು ಚಂದ್ರಮತಿ. "ಕಹಿ ಅಂತ ನಮ್ಮನೇಲಿ ಯಾರೂ ಮುಟ್ಲಿಲ್ಲ. ಬಿಸಾಕೋಕೆ ಮನಸ್ಸು ಬರ್ದೆ ಕಡ್ಲೆಹಿಟ್ಟಲ್ಲಿ ಅದ್ದಿ, ಕರ್ದು ನಿಮ್ಮನೆಗೇ ಕಳಿಸ್ಬುಟ್ಟೆ. ಅಷ್ಟೂ ಬಜ್ಜಿ ನೀವೇ ತಿಂದ್ರಂತಲ್ಲ, ಸುಮಾ ಹೇಳಿದ್ರು! ಈ ಸೊಪ್ಪು ಯಾವ ಅಂಗಡೀದು, ನಮ್ದಕ್ಕಿಂತ ಎಷ್ಟೋ ಚೆನ್ನಾಗಿದೆ ಅಂತ ಕೇಳ್ತಿದ್ರಂತೆ?"