ಮೊಟ್ಟೆ ಎಕ್ಸ್‌ಪ್ರೆಸ್ಸು

"ಸಂಜೆ ಕೋಳಿಮರಿ ಬರ್ತಾವೆ. ಅಷ್ಟರೊಳಗೆ ಶೆಡ್ಡು ಖಾಲಿ ಆಗಿರ್ಬೇಕು."

ಬೆಳಗಿನ ಕಾಫಿ ಕೊಡುತ್ತಾ ಹೆಂಡತಿ ಆಡಿದ್ದು ಇಷ್ಟೇ ಮಾತು. ಗಾರ್ಡಪ್ಪನಿಗೆ ಕಾಫಿ ನೆತ್ತಿಗೇರಿತು. ಕೆಮ್ಮಿ, ಕಣ್ಣಲ್ಲಿ ನೀರು ತಂದುಕೊಂಡು ಕೇಳಿದ: "ಶೆಡ್ಡಾ? ಅಂದ್ರೆ... ನನ್ನ ರೈಲು?"

"ರೈಲು ಮೊಟ್ಟೆ ಇಡುತ್ತಾ?"

ಗಾರ್ಡಪ್ಪ ಎನ್ನುವುದು ಅಕ್ಕಪಕ್ಕದ ತೋಟದವರು ಅವನಿಗೆ ಇಟ್ಟ ಹೆಸರು. ನಿಜವಾದ ರೈಲು ಹತ್ತಿದರೆ ಅವನಿಗೆ ತಲೆ ಸುತ್ತುತ್ತದೆ, ಅದು ಬೇರೆ ಮಾತು. ಆದರೆ ಹಿತ್ತಲ ಶೆಡ್ಡಿನಲ್ಲಿ, ಹಳೇ ಬಾಗಿಲುಗಳನ್ನು ಜೋಡಿಸಿ ಮಾಡಿದ ಮೇಜಿನ ಮೇಲೆ ಅವನದೇ ಒಂದು ರೈಲ್ವೆ ಇತ್ತು. ಗೇಣುದ್ದದ ಇಂಜಿನ್ನು, ನಾಲ್ಕು ಬೋಗಿ, ಬೆಂಕಿಕಡ್ಡಿಯ ಸ್ಟೇಷನ್ನು, ಒಣಹುಲ್ಲು ಮೆತ್ತಿ ಎಬ್ಬಿಸಿದ ದೊಡ್ಡ ಗುಡ್ಡ, ಗುಡ್ಡದ ಹೊಟ್ಟೆಯಲ್ಲಿ ಸುರಂಗ. ದನಕ್ಕೆ ಮೇವು ಹಾಕಿ, ಗಿಡಕ್ಕೆ ನೀರು ಬಿಟ್ಟು, ಬೇಲಿ ನೋಡಿಕೊಂಡು ಬಂದು ಉಳಿದ ಹೊತ್ತೆಲ್ಲ ಅವನು ಅಲ್ಲೇ. ಕೆಲವು ದಿನ ದನಕ್ಕೆ ಮೇವು ಹಾಕುವುದನ್ನು ಮರೆತೂ ಅಲ್ಲೇ. ಆ ಸುರಂಗದೊಳಗಿಂದ ಇಂಜಿನ್ನು ದೀಪ ಉರಿಸಿಕೊಂಡು ಹೊರಗೆ ಬರುವಾಗ ಅವನಿಗೆ ಆಗುವ ಸಂತೋಷ ಮದುವೆ ದಿನವೂ ಆಗಿರಲಿಲ್ಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೆ ಮಾತ್ರ ಹೇಗೋ ಗೊತ್ತಿತ್ತು.

"ಇಡದೆ ಇರಬಹುದು. ಆದ್ರೆ ತರುತ್ತೆ!" ಎಂದುಬಿಟ್ಟ ಗಾರ್ಡಪ್ಪ. ಎಂದ ಮೇಲೆ ಅವನಿಗೇ ಆಶ್ಚರ್ಯವಾಯಿತು. "ಕೋಳಿಗೂಡಿಂದ ಅಡುಗೆಮನೆ ಬಾಗಿಲಿಗೆ ಮೊಟ್ಟೆ ತರುತ್ತೆ. ನೀನು ಸೊಂಟ ಬಗ್ಗಿಸ್ಬೇಕಾಗಿಲ್ಲ, ಕೂತಲ್ಲೇ ತಗೋ!"

ಹೆಂಡತಿ ಸೊಂಟದ ಮೇಲೆ ಕೈ ಇಟ್ಟುಕೊಂಡಳು. ಸೊಂಟದ ಮಾತು ನಾಟಿತ್ತು. "ಆಗ್ಲಿ. ತಂದ್ರೆ ಮರಿಗಳನ್ನ ವಾಪಸ್ ಕಳಿಸ್ತೀನಿ. ಒಂದೇ ಒಂದು ಮೊಟ್ಟೆ ಒಡೆದ್ರೂ ಶೆಡ್ಡು ನನ್ದು."

ಅಲ್ಲಿಂದ ಗಾರ್ಡಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶೆಡ್ಡಿನ ಕಿಟಕಿಯಿಂದ ಅಂಗಳಕ್ಕೆ ಒಂದು ಹಲಗೆ ಇಳಿಬಿಟ್ಟ. ಅದರ ಮೇಲೆ ಹಳಿ ಹಾಸಿ, ಕೋಳಿಗೂಡಿನ ಮುಂದೆ ಹಾಯಿಸಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತಿರುಗಿಸಿ, ಅಡುಗೆಮನೆ ಮೆಟ್ಟಿಲವರೆಗೆ ಒಯ್ದ. ಕೆಲಸ ಅರ್ಧ ಆಗುವ ಹೊತ್ತಿಗೆ ಬೇಲಿಯಾಚೆಯಿಂದ ಹೆಡ್‌ಮಾಸ್ಟ್ರ ತಲೆ ಕಾಣಿಸಿತು. ಅವರು ರಿಟೈರಾಗಿ ಪಕ್ಕದ ತೋಟದಲ್ಲಿ ಇದ್ದವರು. ಪಾಠ ಹೇಳಲು ಮಕ್ಕಳಿಲ್ಲದೆ ಕೈಗೆ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು.

"ಆ ತಿರುವು ಜಾಸ್ತಿ ಆಯ್ತು ಕಣಯ್ಯಾ. ಗಾಡಿ ಮಗುಚುತ್ತೆ."

"ಮಗುಚಲ್ಲ ಸಾರ್."

"ಮಗುಚುತ್ತೆ. ಇದು ವಿಜ್ಞಾನ."

ಇಷ್ಟರಲ್ಲಿ ಹೆಂಡತಿಯ ತಮ್ಮನೂ ಬಂದ. ವೈರ್‌ಮನ್ ಕೆಲಸದವನು. ಅವನು ಮುಟ್ಟಿದ ಮನೆಗಳಲ್ಲಿ ಫ್ಯಾನಿನ ಸ್ವಿಚ್ಚು ಒತ್ತಿದರೆ ದೀಪ ಹತ್ತುತ್ತದೆ. "ಭಾವ, ಕರೆಂಟಿನ ವಿಷಯ ನನಗೆ ಬಿಡಿ. ನೀವು ಹಸಿರು ಬಾವುಟ ಹಿಡ್ಕೊಳ್ಳಿ ಸಾಕು" ಎಂದು ಶೆಡ್ಡಿನೊಳಗೆ ಹೋಗಿ ತಂತಿ ಜೋಡಿಸಿದ.

ಗಾರ್ಡಪ್ಪ ರೈಲನ್ನು ಕೋಳಿಗೂಡಿನ ಮುಂದೆ ನಿಲ್ಲಿಸಿ ಬಾವುಟ ಬೀಸಿದ. ಇಂಜಿನ್ನು ಕೂಗಿತು. ಮುಂದೆ ಅಡುಗೆಮನೆಯ ಕಡೆ ಹೊರಡಬೇಕಾದ ರೈಲು ಹಿಂದು ಹಿಂದಕ್ಕೆ ಓಡಿ, ಹಳಿ ಬಿಟ್ಟು, ಸಿಳ್ಳೆ ಹಾಕುತ್ತಲೇ ಕೋಳಿಗೂಡಿನೊಳಗೆ ನುಗ್ಗಿತು! ಒಳಗೆ ಏನಾಯಿತೋ ನೋಡಿದವರಿಲ್ಲ. ಗರಿಗಳು ಮಾತ್ರ ಹೊರಗೆ ಬಂದವು, ಅದರ ಹಿಂದೆ ಕೋಳಿಗಳು ಬಂದವು. ಒಂದು ಚಾವಣಿ ಹತ್ತಿತು, ಎರಡು ಹೆಡ್‌ಮಾಸ್ಟ್ರ ತೋಟಕ್ಕೆ ಹಾರಿದವು, ಒಂದು ದಪ್ಪನೆಯ ಕಂದು ಕೋಳಿ ಹಲಗೆ ಹತ್ತಿಕೊಂಡು ಶೆಡ್ಡಿನ ಕಿಟಕಿಯೊಳಗೆ ಮಾಯವಾಯಿತು.

"ಬಾಗಿಲಿಗೆ ಬಂತೇನ್ರೀ ರೈಲು?" ಒಳಗಿಂದ ಹೆಂಡತಿಯ ಧ್ವನಿ.

"ಈಗ ಹೊರಡ್ತು, ಬರ್ತಾ ಇದೆ!" ಎಂದು ಗಾರ್ಡಪ್ಪ ಕೂಗಿ, ಗೂಡಿನೊಳಗೆ ಕೈ ಹಾಕಿ ಹುಡುಕಿದ. ರೈಲು ಸಿಕ್ಕಿತು. ಮೊಟ್ಟೆ ಸಿಗಲಿಲ್ಲ. ಒಂದೂ ಇಲ್ಲ!

"ಹೆದರಿದ ಕೋಳಿ ಮೊಟ್ಟೆ ಇಡಲ್ಲ. ಇದೂ ವಿಜ್ಞಾನವೇ" ಎಂದರು ಹೆಡ್‌ಮಾಸ್ಟ್ರು.

ಗಾರ್ಡಪ್ಪ ಅಳುವುದೊಂದು ಬಾಕಿ. "ಸಾರ್, ನಿಮ್ಮ ಮನೇಲಿ ಇದ್ರೆ ನಾಲ್ಕು ತಂದ್ಕೊಡಿ. ಇವಳಿಗೆ ಗೊತ್ತಾಗೋದು ಬೇಡ. ನನ್ನ ಮಾನ ನಿಮ್ಮ ಕೈಲಿದೆ."

ಹೆಡ್‌ಮಾಸ್ಟ್ರು ಆ ತಿರುವನ್ನು ಇನ್ನೊಮ್ಮೆ ನೋಡಿದರು, ಗಾರ್ಡಪ್ಪನ ಮುಖ ನೋಡಿದರು, ಏನೋ ಲೆಕ್ಕ ಹಾಕಿದವರಂತೆ ತಲೆಯಾಡಿಸಿ ಹೋದರು. ಹೋದವರು ಎಷ್ಟು ಹೊತ್ತಾದರೂ ಪತ್ತೆಯಿಲ್ಲ. ಗಾರ್ಡಪ್ಪ ಬೇಲಿಗೂ ಅಡುಗೆಮನೆಗೂ ನಡುವೆ ಸುತ್ತಿ ಸುತ್ತಿ ಸುಸ್ತಾದ. ಕೊನೆಗೆ ಅವರು ಟವೆಲ್ಲಿನಲ್ಲಿ ಸುತ್ತಿದ ಗಂಟನ್ನು ಬೇಲಿಯ ಮೇಲಿಂದ ದಾಟಿಸಿದರು. ನಾಲ್ಕು ಮೊಟ್ಟೆ, ಮುಟ್ಟಿದರೆ ಬೆಚ್ಚಗಿದ್ದವು. "ಆಹಾ, ಈಗತಾನೇ ಇಟ್ಟ ಹಾಗಿದೆ!" ಎಂದು ಗಾರ್ಡಪ್ಪ ಬೋಗಿಗೊಂದರಂತೆ ಕೂರಿಸಿದ. ಭಾವಮೈದ ತಂತಿ ಅದಲುಬದಲು ಮಾಡಿದ. ಹೆಂಡತಿ ಬಂದು ಮೆಟ್ಟಿಲ ಮೇಲೆ ಮಣೆ ಹಾಕಿಕೊಂಡು ಕೂತಳು.

ಮತ್ತೆ ಬಾವುಟ. ಮತ್ತೆ ಸಿಳ್ಳೆ. ಈ ಸಲ ರೈಲು ಮುಂದಕ್ಕೇ ಹೊರಟಿತು! ಇಳಿಬಿಸಿಲಲ್ಲಿ ಹೊಳೆಯುತ್ತಾ, ಬಿಳಿ ಮೊಟ್ಟೆಗಳನ್ನು ಹೊತ್ತು, ಅಂಗಳದ ನಡುವೆ ಗತ್ತಿನಿಂದ ಬರುತ್ತಿದ್ದರೆ ಗಾರ್ಡಪ್ಪನ ಎದೆ ಉಬ್ಬಿತು. "ನೋಡೇ! ನೋಡು ಹೇಗೆ ಬರ್ತಿದೆ!"

"ನಿಧಾನ ಆಯ್ತಲ್ವಾ ಭಾವ? ಸ್ವಲ್ಪ ಜೋರು ಮಾಡ್ತೀನಿ" ಎಂದು ಶೆಡ್ಡಿನಿಂದ ಕೇಳಿಸಿತು.

"ಬೇಡ!" ಎಂದು ಇವನು ಕಿರುಚುವುದರೊಳಗೆ ಆಗಬೇಕಾದ್ದು ಆಗಿಹೋಯಿತು. ಒಗೆಯುವ ಕಲ್ಲಿನ ತಿರುವಿನಲ್ಲಿ ಇಂಜಿನ್ನು ಒಂದು ಕಡೆ, ಬೋಗಿಗಳು ಇನ್ನೊಂದು ಕಡೆ. ನಾಲ್ಕು ಮೊಟ್ಟೆಯೂ ಹಾರಿ ಕಲ್ಲಿನ ಮೇಲೆ ಬಿದ್ದವು. ಗಾರ್ಡಪ್ಪ ಕಣ್ಣು ಮುಚ್ಚಿಕೊಂಡ.

ಟಕ್, ಟಕ್, ಟಕ್, ಟಕ್.

ಕಣ್ಣು ಬಿಟ್ಟರೆ ಮೊಟ್ಟೆಗಳು ಉರುಳುತ್ತಾ ಹೋಗಿ ಹೆಂಡತಿಯ ಕಾಲ ಬಳಿ ನಿಂತಿದ್ದವು. ಒಂದೂ ಒಡೆದಿರಲಿಲ್ಲ.

"ಅಬ್ಬಬ್ಬಾ!" ಎಂದವನು ಕೋಳಿಮರಿ ವ್ಯಾಪಾರಿ. ಮರಿಗಳ ಬುಟ್ಟಿ ತಂದು ಗೇಟಿನೊಳಗೆ ಕಾಲಿಟ್ಟವನು ಇದನ್ನೆಲ್ಲ ನೋಡಿ ಬಾಯಿ ತೆರೆದು ನಿಂತಿದ್ದ. "ಅಕ್ಕಾ, ಕಲ್ಲಿನ ಮೇಲೆ ಬಿದ್ರೂ ಒಡೆಯಲ್ವಲ್ಲ! ಯಾವ ಜಾತಿ ಕೋಳಿ ಇವು? ಏನು ತಿನ್ನಿಸ್ತೀರಿ?"

ತನ್ನ ಕೋಳಿಗಳನ್ನು ಯಾರಾದರೂ ಹೊಗಳಿದರೆ ಹೆಂಡತಿ ಅಲ್ಲೇ ಕರಗಿಬಿಡುತ್ತಿದ್ದಳು. "ನಾನೇ ಸಾಕಿದ್ದು. ಕೈತುತ್ತು ಕೊಟ್ಟು ಸಾಕಿದ್ದು" ಎಂದಳು. ಒಂದು ಮೊಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡಳು. "ಇನ್ನೂ ಬೆಚ್ಚಗಿದೆ, ನೋಡಿ!"

"ಇಂಥಾ ಕೋಳಿ ಇಟ್ಕೊಂಡು ನನ್ನ ಮರಿ ಯಾಕೆ ಅಕ್ಕಾ? ಇವನ್ನೇ ಮರಿ ಮಾಡ್ಸಿ. ಆಮೇಲೆ ನಾನೇ ನಿಮ್ಮತ್ರ ಬರ್ತೀನಿ" ಎಂದು ಅವನು ಬುಟ್ಟಿಯನ್ನು ಮತ್ತೆ ಗಾಡಿಗೆ ಏರಿಸಿದ.

ಮರಿ ವಾಪಸ್ಸು! ಶೆಡ್ಡು ಉಳಿಯಿತು! ಗಾರ್ಡಪ್ಪ ಭಾವಮೈದನನ್ನು ತಬ್ಬಿಕೊಂಡು ಎರಡು ಸುತ್ತು ಕುಣಿದ. ಮೂರನೆಯ ಸುತ್ತಿನಲ್ಲಿ ಹೆಂಡತಿ ಮೊಟ್ಟೆಗಳನ್ನು ಸೆರಗಿನಲ್ಲಿ ಇಟ್ಟುಕೊಂಡು ಶೆಡ್ಡಿನ ಕಡೆಗೆ ಹೋಗುವುದು ಕಾಣಿಸಿತು.

"ಎಲ್ಲಿಗೇ?"

"ಶ್! ಮೆತ್ತಗೆ ಮಾತಾಡಿ. ಕಿಟಕೀಲಿ ಕಾಣ್ತಾ ಇದೆ ನೋಡಿ, ಕಂದು ಕೋಳಿ ನಿಮ್ಮ ಗುಡ್ಡದ ಮೇಲೆ ಕಾವಿಗೆ ಕೂತಿದೆ."

ಹೋಗಿ ನೋಡಿದರೆ ನಿಜ. ಸುರಂಗದ ಮೇಲೆ ಒಣಹುಲ್ಲು ಕೆದರಿ ಗೂಡು ಮಾಡಿಕೊಂಡು, ಇಡೀ ರೈಲ್ವೆಗೆ ತಾನೇ ಒಡತಿಯೆಂಬಂತೆ ಅದು ಕೂತಿತ್ತು. ಹೆಂಡತಿ ಒಂದೊಂದಾಗಿ ನಾಲ್ಕೂ ಮೊಟ್ಟೆಗಳನ್ನು ಅದರ ಹೊಟ್ಟೆಯಡಿಗೆ ಸರಿಸಿದಳು. ತಮ್ಮನನ್ನು ಕರೆದು ತಂತಿ ಬಿಚ್ಚಿಸಿದಳು, ಕಿಟಕಿ ಮುಚ್ಚಿಸಿದಳು. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಮೊಟ್ಟೆ ಒಡೆದು ಮರಿ ಹೊರಗೆ ಬರೋ ತನಕ ಯಾರೂ ಒಳಗೆ ಹೋಗಕೂಡದು. ಆಮೇಲೆ ಶೆಡ್ಡು ನಿಮ್ದೇ. ನಾನು ಮಾತಿಗೆ ತಪ್ಪೋಳಲ್ಲ."

"ಅಷ್ಟೇ ತಾನೇ" ಎಂದು ಗಾರ್ಡಪ್ಪ ಸಮಾಧಾನ ಮಾಡಿಕೊಂಡ. ಎಷ್ಟು ದಿನ ಮಹಾ! ಕಾಯೋಣ. ಆಗ ಬೇಲಿಯ ಹತ್ತಿರದಿಂದ ಹೆಡ್‌ಮಾಸ್ಟ್ರು ಕೈಸನ್ನೆ ಮಾಡಿ ಕರೆದರು. ಮುಖ ಬಿಳಿಚಿಕೊಂಡಿತ್ತು.

"ಕಾವಿಗೆ ಇಟ್ರಾ?" ಕಿವಿಯಲ್ಲಿ ಪಿಸುಗುಟ್ಟಿದರು. "ಅಯ್ಯೋ ಮಾರಾಯಾ! ಆ ತಿರುವಿನಲ್ಲಿ ಬಿದ್ದೇ ಬೀಳುತ್ತೆ ಅಂತ ನನಗೆ ಗೊತ್ತಿತ್ತು. ಅದಕ್ಕೇ ಚೆನ್ನಾಗಿ ಬೇಯಿಸಿ ತಂದಿದ್ದೆ."

ಗಾರ್ಡಪ್ಪ ಹೆಂಡತಿಯ ಕಡೆ ತಿರುಗಿ ಬಾಯಿ ತೆರೆದ. ಗೇಟಿನ ಹತ್ತಿರ ವ್ಯಾಪಾರಿಯ ಗಾಡಿ ಇನ್ನೂ ಹೊರಟಿರಲಿಲ್ಲ. ಬುಟ್ಟಿಯೊಳಗಿಂದ ಮರಿಗಳು ಚಿಂವ್ ಚಿಂವ್ ಅನ್ನುತ್ತಿದ್ದವು.

"ಏನ್ರೀ?" ಎಂದಳು ಹೆಂಡತಿ.

"ಏನಿಲ್ಲ ಕಣೇ" ಎಂದ ಗಾರ್ಡಪ್ಪ. "ಕೋಳಿಗೆ ಕಾಳು ಸಾಕಾ, ಇನ್ನಷ್ಟು ತರ್ಲಾ?"